ಬಾಣಂತಿಯನ್ನು ಕೇಳದೆ ಹೋದ ಪ್ರಶ್ನೆ

(ನ್ಯೂ ಟೌನಿನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಬಹುಮಹಡಿ ಕಟ್ಟಡದಲ್ಲಿ ಕುಳಿತು ಹಳ್ಳಿಯ ಬಾಣಂತಿಯರ ವಿಚಾರವೇಕೆಂದು ತಮಗೆ ಅನಿಸಬಹುದು. ನಮ್ಮ ಕಾಲಡಿಯ ಈ ನೆಲ ಕೆಲವು ದಶಕಗಳ ಹಿಂದೆ ರಾಜಾರ್‌ಹಾಟದ ಹೊಲಗದ್ದೆಯಾಗಿತ್ತು. ಇಂದಿಗೂ ನಮ್ಮ ಪಾತ್ರೆ ತೊಳೆಯುವ ಕೈಗಳು ಸುತ್ತಣ ಹಳ್ಳಿಗಳಿಂದಲೇ ಬರುತ್ತವೆ. ನಮ್ಮ ಮನೆಗೆಲಸದ ಹೆಣ್ಣುಮಗಳು ಹೆರಿಗೆಯಾದ ನಾಲ್ಕನೆಯ ವಾರಕ್ಕೇ ಕೆಲಸಕ್ಕೆ ಮರಳಿದಳು. 'ಮಗು ಹೇಗಿದೆ?' ಎಂದು ಕೇಳಿದೆ. 'ನೀನು ಹೇಗಿದ್ದೀಯೆ?' ಎಂದು ಕೇಳಲಿಲ್ಲ. ಆ ಕೇಳದ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಆಸ್ಪತ್ರೆಯ ಹೆರಿಗೆ ಈಗ ದುರ್ಲಭವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇಕಡಾ 39ರಷ್ಟು ಮಾತ್ರ ಆಸ್ಪತ್ರೆಗಳಲ್ಲಾಗುತ್ತಿದ್ದವು. 2019-21ರ ವೇಳೆಗೆ ಅದು ಶೇಕಡಾ 89ನ್ನು ಮುಟ್ಟಿತು. ಆದರೆ ರಕ್ತಸ್ರಾವ, ರಕ್ತದೊತ್ತಡ, ನಂಜು ಇವು ಮನೆಗೆ ಮರಳಿದ ಮೇಲೂ ತಾಯಿಯನ್ನು ಕಾಡಬಲ್ಲವು. ಆಸ್ಪತ್ರೆಯ ಹೊಣೆ ಬಾಗಿಲಲ್ಲಿ ಮುಗಿಯುತ್ತದೆ; ಮುಂದಿನ ಆರು ವಾರಗಳಿಗೆ ಯಾರು ಹೊಣೆ?

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಹೆಸರು ಬರೆಸಿದ್ದು ಗಂಡನೂರಿನಲ್ಲಿ, ಬಾಣಂತನ ಇನ್ನೊಂದೂರಿನಲ್ಲಿ. ಎರಡೂರಿನ ಆಶಾ ಕಾರ್ಯಕರ್ತೆಯರ ನಡುವೆ ಅವಳು ಕಳೆದುಹೋಗಬಹುದು. ಇನ್ನೊಂದು ಅಡ್ಡಿ ಸೂತಕ. 2023ರ ಜುಲೈನಲ್ಲಿ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ, ಊರಾಚೆಯ ಗುಡಿಸಲಿನಲ್ಲಿ ಬಾಣಂತಿಯೊಡನೆ ಇರಿಸಿದ್ದ ಹಸುಗೂಸು ಮಳೆ-ಚಳಿಗೆ ಸಿಕ್ಕಿ ತೀರಿಕೊಂಡಿತು. ಇವೆಲ್ಲಕ್ಕಿಂತ ದೊಡ್ಡ ಗೋಡೆ ಲಜ್ಜೆ. ನೋವೆಂದರೆ 'ಬಾಣಂತಿಗೆ ಇದೆಲ್ಲ ಸಹಜ' ಎಂಬ ಉತ್ತರ; ವೈದ್ಯರ ಬಳಿಗೆ ಹೋಗಲು ಹಿರಿಯರ ಅಪ್ಪಣೆ, ಜೊತೆಗೊಬ್ಬರು, ಬಸ್ಸಿನ ಹಣ.

ನಾನು ಬಾಣಂತನವನ್ನು ಹಳಿಯುತ್ತಿಲ್ಲ. ಎಣ್ಣೆನೀರು, ಬಿಸಿಯೂಟ, ವಿಶ್ರಾಂತಿ ಇವು ನಮ್ಮ ಅಜ್ಜಿಯರ ವಿವೇಕ. ಆದರೆ ಬಾಣಂತನವುಳ್ಳವಳಿಗೆ ವೈದ್ಯರಿಲ್ಲ, ಕೂಲಿಯವಳಿಗೆ ಬಾಣಂತನವೂ ಇಲ್ಲ ಎಂಬಂತಾಗಿದೆ.

ದಾರಿಯಿಲ್ಲವೆಂದಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ತರಬೇತಿ ನೀಡಿ ಮನೆಮನೆಗೆ ಕಳುಹಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತಲೂ ಹೆಚ್ಚು ಇಳಿದುದನ್ನು 1999ರಲ್ಲಿ ಜಗತ್ತಿಗೆ ತೋರಿಸಿದರು. 2011ರಲ್ಲಿ ಸರ್ಕಾರವೂ ಅದೇ ಹಾದಿ ಹಿಡಿಯಿತು: ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಬರಬೇಕು. ಆದರೆ ಯೋಜನೆಯ ಹೆಸರನ್ನು ಗಮನಿಸಿ: ನವಜಾತ ಶಿಶುವಿನ ಗೃಹ ಆರೈಕೆ. ತಾಯಿಯನ್ನೂ ನೋಡಬೇಕೆಂಬ ನಿಯಮವಿದೆ, ಹೆಸರಿನಲ್ಲಿ ಮಾತ್ರ ತಾಯಿಯಿಲ್ಲ. ಸರ್ಕಾರವೂ ನನ್ನಂತೆಯೇ ಮೊದಲು ಮಗುವನ್ನು ಕೇಳಿತು.

2017ರಲ್ಲಿ ಸಂಘಟಿತ ವಲಯದ ಉದ್ಯೋಗಸ್ಥೆಯರ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಇಲ್ಲಿನ ಕಂಪನಿಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಅದು ದೊರೆಯಿತು. ಅವರ ಅಡುಗೆಮನೆಯಲ್ಲಿ ದುಡಿಯುವವಳಿಗೆ ದೊರೆಯಲಿಲ್ಲ. ಕಾನೂನಿಗೆ ಕಾಯದೆ, ನಾವೇ ಆರು ವಾರಗಳ ಸಂಬಳಸಹಿತ ರಜೆ ಕೊಡೋಣ. ಅವಳು ಮರಳಿ ಬರುವವರೆಗೆ ಕೆಲಸವನ್ನು ಅವಳಿಗೇ ಕಾದಿರಿಸೋಣ. ಇದು ದಾನವಲ್ಲ, ಬಾಕಿ. ನನ್ನ ಮನೆಯ ಬಾಕಿಯೂ ಇದರಲ್ಲಿ ಸೇರಿದೆ.