ಕುದುರೆಯ ನಡೆ, ಊರಿನ ದಾರಿ

ಚಿತ್ರಕವಿತ್ವವನ್ನು ನಮ್ಮ ಆಲಂಕಾರಿಕರು ಅಷ್ಟಾಗಿ ಮನ್ನಿಸಿದವರಲ್ಲ. ಮಮ್ಮಟನಂತೂ ಅದನ್ನು ಕಾವ್ಯದ ಕೊನೆಯ ಪಂಕ್ತಿಯಲ್ಲಿ ಕೂರಿಸಿದ. ಆ ತೀರ್ಪಿನೊಡನೆ ನನಗೆ ಜಗಳವಿಲ್ಲ. ಆದರೂ ಒಂಬತ್ತನೆಯ ಶತಮಾನದ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ಕೊಟ್ಟಿರುವ ತುರಗಪದವನ್ನು ಸುಮ್ಮನೆ ಬದಿಗೆ ಸರಿಸಲಾಗದು. ಚದುರಂಗದ ಅರ್ಧ ಹಾಸು, ಎಂದರೆ 32 ಮನೆಗಳು; ಮನೆಗೊಂದು ಅಕ್ಷರ. ಸಾಲಾಗಿ ಓದಿಕೊಂಡು ಹೋದರೆ ಒಂದು ಶ್ಲೋಕ. ಕುದುರೆಯ ನಡೆಯನ್ನು ಹಿಡಿದು, ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ ಓದಿದರೂ ಅದೇ ಶ್ಲೋಕ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಕುದುರೆ ನಡೆಗಳನ್ನು ರಚಿಸುವುದರಲ್ಲಿ ಪಳಗಿದ್ದರು.

ಈ ಆಟಕ್ಕೂ ಇಂದಿನ ಗಣಿತಕ್ಕೂ ಹತ್ತಿರದ ನಂಟು. ಪ್ರತಿ ಮನೆಯನ್ನೂ ಒಂದು ಬಿಂದುವೆಂದು ಭಾವಿಸಿ. ಕುದುರೆ ಒಂದೇ ನೆಗೆತಕ್ಕೆ ದಾಟಬಲ್ಲ ಎರಡು ಮನೆಗಳ ನಡುವೆ ಒಂದು ಗೆರೆಯನ್ನು ಎಳೆಯಿರಿ. ಪೂರ್ಣ ಹಾಸಿಗೆ 64 ಬಿಂದುಗಳು, 168 ಗೆರೆಗಳು. ಬಿಂದು ಗೆರೆಗಳ ಇಂಥ ಕೂಟಕ್ಕೆ ಗ್ರಾಫ್ ಎಂದು ಹೆಸರು. ಬಿಂದು ಊರಾದರೆ ಗೆರೆ ರಸ್ತೆಯಾದೀತು. ಬಿಂದು ಮನುಷ್ಯನಾದರೆ ಗೆರೆ ಸ್ನೇಹವಾದೀತು. ಗ್ರಾಫಿನಲ್ಲಿ ಉತ್ತರವನ್ನು ಹುಡುಕುವ ಹೆಜ್ಜೆಹೆಜ್ಜೆಯ ವಿಧಾನವೇ ಆಲ್ಗಾರಿದಂ. ಬಿಂದುಗಳು ಕೋಟಿಯ ಲೆಕ್ಕವನ್ನು ಮುಟ್ಟಿದಾಗ ಆ ವಿಧಾನಗಳ ಗತಿಯೇನು ಎಂಬ ವಿಚಾರದಲ್ಲಿ ವಿದ್ವಾಂಸರು ದಶಕಗಳಿಂದ ತೊಡಗಿದ್ದಾರೆ.

ಈ ಶಾಸ್ತ್ರದ ಮೊದಲು ಕೋನಿಗ್ಸ್‌ಬರ್ಗ್ ನಗರದಲ್ಲಿ. ಇಂದು ಅದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾದ್. ಅಲ್ಲಿ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಏಳನ್ನೂ ಒಂದೊಂದೇ ಸಲ ದಾಟಿ ಊರನ್ನು ಸುತ್ತಬಹುದೇ ಎಂಬುದು ಪ್ರಶ್ನೆ. 1735ರಲ್ಲಿ ಆಯ್ಲರನು ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಯ ಮುಂದೆ ಇದಕ್ಕೆ ಉತ್ತರವನ್ನಿಟ್ಟ. ಅವನು ಊರನ್ನು ಸುತ್ತಲಿಲ್ಲ; ಎಣಿಸಿದ. ನದಿ ಬೇರ್ಪಡಿಸಿದ ನಾಲ್ಕು ನೆಲಗಳಲ್ಲಿ ಒಂದಕ್ಕೆ ಐದು ಸೇತುವೆ, ಉಳಿದ ಮೂರಕ್ಕೆ ಮೂರು ಮೂರು. ಒಂದು ನೆಲಕ್ಕೆ ಬಂದವನು ಹೊರಡಲೂ ಬೇಕಷ್ಟೆ. ಆದ್ದರಿಂದ ಆದಿ ಅಂತ್ಯಗಳೆರಡನ್ನು ಬಿಟ್ಟು ಉಳಿದೆಡೆ ಸೇತುವೆಗಳ ಸಂಖ್ಯೆ ಸಮವಾಗಿರಬೇಕು. ಇಲ್ಲಿ ನಾಲ್ಕೂ ಬೆಸ. ಸಾಧ್ಯವಿಲ್ಲವೆಂದು ತೀರ್ಪಾಯಿತು. ಸೇತುವೆಗಳು ಏಳಲ್ಲ, ಏಳು ಕೋಟಿಯಿದ್ದರೂ ಯಂತ್ರವು ಇದೇ ಎಣಿಕೆಯಿಂದ ಬೇಗನೆ ಉತ್ತರ ಹೇಳಬಲ್ಲದು.

ಈಗ ಪ್ರಶ್ನೆಯನ್ನು ತುಸುವೇ ತಿರುಗಿಸೋಣ. ಎಲ್ಲ ಸೇತುವೆಗಳನ್ನೂ ಅಲ್ಲ, ಎಲ್ಲ ಊರುಗಳನ್ನೂ ಒಂದೊಂದೇ ಸಲ ಮುಟ್ಟಬೇಕು. ನಮ್ಮ ಕುದುರೆಯ ಪ್ರಶ್ನೆಯೇ ಇದು. ಚದುರಂಗದ ಹಾಸು ಚಿಕ್ಕದು, ಕ್ರಮಬದ್ಧವಾದುದು. ಅಲ್ಲಿ ಜಾಣ್ಮೆ ನಡೆಯುತ್ತದೆ. ಯಾವುದೋ ಒಂದು ಜಾಲವನ್ನು ಮುಂದಿಟ್ಟು ಕೇಳಿದರೆ? 60 ಊರುಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯೇ 82 ಅಂಕಿಗಳಷ್ಟು ಉದ್ದ. 1972ರಲ್ಲಿ ರಿಚರ್ಡ್ ಕಾರ್ಪ್ ಅವರು ದುಸ್ತರವಾದ 21 ಪ್ರಶ್ನೆಗಳ ಪಟ್ಟಿಯೊಂದನ್ನು ಕೊಟ್ಟರು. ಎಲ್ಲವನ್ನೂ ಮುಟ್ಟಿ ಹೊರಟಲ್ಲಿಗೇ ಮರಳುವ ಪ್ರಶ್ನೆ ಅದರಲ್ಲಿ ಸೇರಿದೆ. ಎಲ್ಲ ಜಾಲಗಳಿಗೂ ಸಲ್ಲುವ ವೇಗದ ವಿಧಾನ ಇಂದಿಗೂ ಸಿಕ್ಕಿಲ್ಲ. ಅಂಥದು ಇರಲಾರದೆಂದು ಸಿದ್ಧಪಡಿಸಿದವರೂ ಇಲ್ಲ. ಎರಡು ಪ್ರಶ್ನೆಗಳನ್ನೂ ವಾಕ್ಯವಾಗಿ ಬರೆದರೆ ಒಂದು ಪದದಷ್ಟೇ ಅಂತರ! ಶಬ್ದದ ಅಂತರವೇ ಅರ್ಥದ ಅಂತರವೆಂದು ನಂಬಿ ಪಾಠ ಹೇಳಿದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸೋಜಿಗ ಬೇರೊಂದಿಲ್ಲ.

ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆ, ಅದೃಷ್ಟವಶಾತ್, ಸುಲಭದ ಗುಂಪಿಗೆ ಸೇರಿದ್ದು. ಡಚ್ ವಿದ್ವಾಂಸ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡಾಮಿನ ಕಾಫಿ ಅಂಗಡಿಯೊಂದರಲ್ಲಿ, ತಾನು ವರಿಸಲಿದ್ದ ಹುಡುಗಿಯೊಡನೆ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ ಇಪ್ಪತ್ತು ನಿಮಿಷಗಳಲ್ಲಿ ಇದರ ಕ್ರಮವನ್ನು ಕಂಡುಕೊಂಡ. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ, ಹೊರಟ ಊರಿನಿಂದ ಹತ್ತಿರದವನ್ನು ಮೊದಲು, ದೂರದವನ್ನು ಆಮೇಲೆ ನಿಶ್ಚಯಿಸುತ್ತ ಹೋಗುವುದೇ ಆ ಕ್ರಮ. ಯಂತ್ರಕ್ಕೆ ಅವನು ಕೊಟ್ಟ ನೆದರ್ಲೆಂಡ್ಸಿನ ನಕ್ಷೆಯಲ್ಲಿದ್ದ ಊರುಗಳು ಎಷ್ಟು ಗೊತ್ತೇ? 64! ಚದುರಂಗದ ಮನೆಗಳಷ್ಟೇ.

ಪಶ್ಚಿಮ ಯೂರೋಪಿನ ರಸ್ತೆಗಳನ್ನು ಗ್ರಾಫಾಗಿಸಿ ಸಂಶೋಧಕರು ಬಳಸುವ ನಕ್ಷೆಯಲ್ಲಾದರೋ ಸುಮಾರು 1 ಕೋಟಿ 80 ಲಕ್ಷ ಬಿಂದುಗಳಿವೆ. ಅಲೆಯು ಅಷ್ಟು ದೂರ ಹರಡಲು ಯಂತ್ರಕ್ಕೂ ಕೆಲವು ಸೆಕೆಂಡುಗಳು ಬೇಕು. ಕೇಳುವವನು ಒಬ್ಬನಾದರೆ ಅದು ಹೆಚ್ಚಲ್ಲ. ಲಕ್ಷಾಂತರ ಜನ ಒಮ್ಮೆಗೇ ಕೇಳಿದರೆ ಆಗದ ಮಾತು. 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಒಂದು ಉಪಾಯವನ್ನು ಪ್ರಕಟಿಸಿದರು. ಗಲ್ಲಿಗಳಂಥ ಅಲ್ಪ ಬಿಂದುಗಳನ್ನು ಒಂದೊಂದಾಗಿ ಮಡಿಸಿ, ಅವುಗಳ ಮೂಲಕ ಹಾಯುತ್ತಿದ್ದ ದಾರಿಗಳ ಬದಲಿಗೆ ಅಡ್ಡಗೆರೆಗಳನ್ನು ಮೊದಲೇ ಹಾಕಿಡುವುದು. ಆ ಬಳಿಕ ಉತ್ತರಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಪ್ರಶ್ನೆ ಹುಟ್ಟುವ ಮೊದಲೇ ಅರ್ಧ ಉತ್ತರವನ್ನು ಬರೆದಿಡುವ ಈ ಕೌಶಲ ನಿಘಂಟುಕಾರರ ಕೌಶಲವನ್ನು ನೆನಪಿಗೆ ತರುತ್ತದೆ.

ದಾರಿಯ ಉದ್ದವನ್ನು ಅಳೆಯಬಹುದು. ಯೋಗ್ಯತೆಯನ್ನು? 1998ರಲ್ಲಿ ಸ್ಟ್ಯಾನ್‌ಫರ್ಡಿನ ಬ್ರಿನ್ ಮತ್ತು ಪೇಜ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಪ್ಯೂಟರ್ ಜಾಲದ ಪುಟಗಳನ್ನು ಬಿಂದುಗಳೆಂದೂ ಒಂದು ಪುಟ ಇನ್ನೊಂದನ್ನು ತೋರಿಸುವುದನ್ನು ಗೆರೆಯೆಂದೂ ಗಣಿಸಿದರು. ಗಣ್ಯರು ಯಾರನ್ನು ತೋರಿಸುವರೋ ಅವರೇ ಗಣ್ಯರು. ಗೂಗಲ್ ಹುಟ್ಟಿದ್ದು ಈ ಎಣಿಕೆಯ ಮೇಲೆ. ವಿಧಾನ ಸೊಗಸಾದುದು, ಒಪ್ಪಿದೆ. ಆದರೆ ಕೇಳಿದ ಪ್ರಶ್ನೆ 'ಯಾವುದು ಉತ್ತಮ' ಎಂಬುದು. ಯಂತ್ರ ಉತ್ತರಿಸಿದ್ದು 'ಯಾವುದನ್ನು ಹೆಚ್ಚು ಜನ, ಹೆಚ್ಚಿನ ಜನ, ತೋರಿಸಿದ್ದಾರೆ' ಎಂಬುದಕ್ಕೆ. ಸೇತುವೆಗೂ ಊರಿಗೂ ಇದ್ದ ಅಂತರ ಇಲ್ಲಿಯೂ ಇದೆ. ಅಲ್ಲಿ ಗಣಿತಜ್ಞರು ಅದನ್ನು ಎಚ್ಚರದಿಂದ ಕಾದುಕೊಂಡರು. ಇಲ್ಲಿ ಬಳಸುವ ನಾವು ಮರೆತುಬಿಡುತ್ತೇವೆ. ಯಾರೂ ಉಲ್ಲೇಖಿಸದ ಒಳ್ಳೆಯ ಪುಸ್ತಕಗಳನ್ನು ಗ್ರಂಥಾಲಯದ ಮೂಲೆಗಳಲ್ಲಿ ಕಂಡವರು ಈ ಮರೆವನ್ನು ಹಗುರವಾಗಿ ಎಣಿಸಲಾರರು.

ಆ ವಿಧಾನದೊಳಗೇ ಒಂದು ಸಣ್ಣ ಔದಾರ್ಯವೂ ಇದೆ ಎನ್ನಬೇಕು. ಅದರ ಲೆಕ್ಕಕ್ಕೆ ಒಬ್ಬ ಕಲ್ಪಿತ ಓದುಗನಿದ್ದಾನೆ. ಪುಟದಿಂದ ಪುಟಕ್ಕೆ ಗೆರೆ ಹಿಡಿದು ಸಾಗುವವನು. ಅವನು ನೂರರಲ್ಲಿ 15 ಸಲ, ರೂಢಿಯಲ್ಲಿರುವ ಲೆಕ್ಕದಂತೆ, ಗೆರೆಗಳನ್ನೆಲ್ಲ ಬಿಟ್ಟು ಇಡೀ ಜಾಲದ ಯಾವುದೋ ಒಂದು ಪುಟಕ್ಕೆ ಹಾರಿಬಿಡುತ್ತಾನೆ. ಆದಕಾರಣ ಯಾರೊಬ್ಬರೂ ಬೆರಳು ತೋರಿಸದ ಪುಟಕ್ಕೂ ಅಲ್ಪಸ್ವಲ್ಪ ಅಂಕ ದೊರೆಯುತ್ತದೆ. ಸೊನ್ನೆ ಯಾರಿಗೂ ಇಲ್ಲ.