ಜೀವಕೋಶದ ಒಳನೋಟ ಮತ್ತು ಬೆಳಕಿನ ಹಿತಮಿತ

 

ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅದರಲ್ಲಿಯೇ ದೃಷ್ಟಿಯನ್ನು ನಿಲ್ಲಿಸಿ ಪೂಜಿಸುವವರಿಗೆ ಒಂದು ಸಂಗತಿಯು ಅನುಭವದಿಂದಲೇ ತಿಳಿದಿರುವುದು. ಕಣ್ಣು ಲಿಂಗದಲ್ಲಿ ನೆಟ್ಟೊಡನೆ ಅದರ ಹಿಂದಿರುವ ದೀಪ, ಗೋಡೆ, ಜನ ಎಲ್ಲವೂ ಮಸುಕಾಗುವುವು. ಮಸುಕಾಗುವುವೇ ಹೊರತು ಮಾಯವಾಗುವುದಿಲ್ಲ. ಹಿಂದಣ ದೀಪದ ಬೆಳಕು ಮಂಜಿನಂತೆ ಹರಡಿ ಕಣ್ಣಿಗೆ ಬೀಳುತ್ತಲೇ ಇರುವುದು. ಸೂಕ್ಷ್ಮದರ್ಶಕ ಯಂತ್ರದಲ್ಲಿ ಜೀವಿಗಳ ಒಡಲೊಳಗನ್ನು ನೋಡಹೊರಟ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ತೊಡಕೂ ಇದೇ. ಆ ತೊಡಕನ್ನು ಕಳೆಯುವುದಕ್ಕಾಗಿ ಹೂಡಿದ ಉಪಾಯಗಳೂ, ಆ ಉಪಾಯಗಳಿಂದಲೇ ಬೆಳೆದ ಇನ್ನೊಂದು ಕಷ್ಟವೂ ಪ್ರಕೃತ ಉಪನ್ಯಾಸದ ವಿಷಯವು.

ಸೂಕ್ಷ್ಮದರ್ಶಕದ ಮಸೂರವು ಒಂದು ಕಾಲಕ್ಕೆ ಒಂದೇ ಆಳವನ್ನು ಸ್ಪಷ್ಟವಾಗಿ ಕಾಣಿಸುವುದು. ನೋಡತಕ್ಕ ವಸ್ತುವು ದಪ್ಪವಾಗಿದ್ದರೆ ಮೇಲಣ ಮತ್ತು ಕೆಳಗಣ ಪದರಗಳ ಮಬ್ಬು ಬೆಳಕು ನಡುವಿನ ಪದರದ ಚಿತ್ರವನ್ನು ಮುಚ್ಚಿಬಿಡುವುದು. ಆದುದರಿಂದ ಹಿಂದಿನವರು ಅಂಗವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತಲೂ ತೆಳುವಾದ ಹಾಳೆಗಳನ್ನಾಗಿ ಕೊಯ್ದು ನೋಡುತ್ತಿದ್ದರು. ಕೊಯ್ದ ಮೇಲೆ ಜೀವವೆಲ್ಲಿಯದು? ಕಂಡದ್ದು ಜೀವದ ಆಕಾರವೇ ಹೊರತು ಜೀವದ ವ್ಯಾಪಾರವಲ್ಲ.

ಜೀವಕೋಶದ ಒಳಭಾಗಗಳು ಬಹುಪಾಲು ನೀರಿನಂತೆ ಬಣ್ಣವಿಲ್ಲದವು. ಅವುಗಳನ್ನು ಬೇರ್ಪಡಿಸಿ ತೋರಿಸಲು ನೆರವಾದುದು ಪ್ರತಿದೀಪ್ತಿಯೆಂಬ ಗುಣ. ಚಳಿಜ್ವರದ ಸೀಮೆಯಾಗಿದ್ದ ಮಲೆನಾಡಿನ ಹಿರಿಯರು ಕ್ವಿನೈನಿನ ಕಹಿಯನ್ನು ಚೆನ್ನಾಗಿ ಬಲ್ಲರು. ಅದರ ಹೊಳಪನ್ನು ಗಮನಿಸಿದವರು ವಿರಳ. ಅದನ್ನು ತುಸು ಆಮ್ಲದೊಡನೆ ನೀರಿನಲ್ಲಿ ಕರಗಿಸಿ ಬಿಸಿಲಿಗೆ ಹಿಡಿದರೆ ತಿಳಿನೀರಿನ ಮೇಲ್ಮೈಯಲ್ಲಿ ನಸುನೀಲಿಯ ಕಾಂತಿಯು ತೋರುವುದು. ಇದನ್ನು 1845ರಲ್ಲಿ ಜಾನ್ ಹರ್ಷೆಲ್ ಎಂಬ ಪಂಡಿತನು ವರ್ಣಿಸಿದನು. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಕ್ವಿನೈನು ಹೀರಿಕೊಂಡು, ಕಾಣುವ ಬೆಳಕನ್ನಾಗಿ ಮರಳಿ ಸೂಸುವುದೆಂದು 1852ರಲ್ಲಿ ಜಾರ್ಜ್ ಸ್ಟೋಕ್ಸನು ಸಿದ್ಧಪಡಿಸಿದನು. ಇಂತಹ ಗುಣವುಳ್ಳ ಬಣ್ಣಗಳನ್ನು ಕೋಶದ ಬೇಕಾದ ಭಾಗಕ್ಕೆ ಅಂಟಿಸಿದರೆ ಕತ್ತಲೆಯಲ್ಲಿ ದೀಪವಿಟ್ಟಂತೆ ಆ ಭಾಗವು ಮಾತ್ರ ಹೊಳೆಯುವುದು. 1962ರಲ್ಲಿ ಒಸಾಮು ಷಿಮೊಮುರಾ ಎಂಬ ಜಪಾನೀ ವಿಜ್ಞಾನಿಯು ಅಮೆರಿಕದ ಪಶ್ಚಿಮ ತೀರದ ಒಂದು ಲೋಳೆಮೀನಿನಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದ ವಾರ್ತೆಯನ್ನು ಪ್ರಕಟಿಸಿದನು. 1994ರಲ್ಲಿ ಮಾರ್ಟಿನ್ ಚಾಲ್ಫಿಯು ಅದನ್ನು ಬೇರೆ ಜೀವಿಗಳ ಕೋಶಗಳಲ್ಲಿಯೂ ಹುಟ್ಟಿಸಬಹುದೆಂದು ತೋರಿಸಿದನು. ಇವರಿಬ್ಬರಿಗೂ ರಾಜರ್ ಚಿಯೆನನಿಗೂ 2008ರ ನೊಬೆಲ್ ಪಾರಿತೋಷಕವು ಸಂದಿತು. ಹೊರಗಿನಿಂದ ಬಣ್ಣ ಬಳಿಯದೆಯೇ ಜೀವಂತ ಕೋಶವು ತಾನಾಗಿ ಹೊಳೆಯುವಂತಾದುದು ಹೀಗೆ.

ಇನ್ನು ಆಳದ ಮಬ್ಬನ್ನು ಕಳೆದ ಬಗೆ. 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ವಿನ್ ಮಿನ್ಸ್ಕಿ ಎಂಬ ತರುಣನಿಗೆ ಮಿದುಳಿನ ನರತಂತುಗಳ ಹೆಣಿಗೆಯನ್ನು ಕಾಣುವ ಹಂಬಲವಿತ್ತು. ಒತ್ತೊತ್ತಾಗಿ ಹೆಣೆದ ಆ ತಂತುಗಳಲ್ಲಿ ಬೆಳಕು ಚೆದರಿ ಏನೂ ಕಾಣುತ್ತಿರಲಿಲ್ಲ. ಎಲ್ಲವನ್ನೂ ಒಮ್ಮೆಗೇ ನೋಡುವ ಆಸೆಯನ್ನು ಬಿಟ್ಟು ಒಂದೇ ಬಿಂದುವನ್ನು ನೋಡಬೇಕೆಂದು ಆತನು ನಿಶ್ಚಯಿಸಿದನು. ಸೂಜಿರಂಧ್ರದ ಮೂಲಕ ಬಂದ ಬೆಳಕನ್ನು ವಸ್ತುವಿನೊಳಗೆ ಒಂದು ಬಿಂದುವಿನಲ್ಲಿ ಕೂಡಿಸಿ, ಅಲ್ಲಿಂದ ಹೊರಟ ಬೆಳಕನ್ನು ಇನ್ನೊಂದು ಸೂಜಿರಂಧ್ರದ ಮೂಲಕ ಹಾಯಿಸಿದನು. ಆ ಬಿಂದುವಿನ ಬೆಳಕು ಎರಡನೆಯ ರಂಧ್ರದಲ್ಲಿ ಕೂಡಿಕೊಂಡು ಆಚೆಗೆ ಹೋಗುವುದು. ಮೇಲಣ ಕೆಳಗಣ ಪದರಗಳ ಬೆಳಕು ಅಲ್ಲಿ ಹರಡಿಕೊಂಡಿರುವುದರಿಂದ ಬಹುಪಾಲು ತಡೆಯಲ್ಪಡುವುದು. ವಸ್ತುವನ್ನೇ ಅತ್ತಿತ್ತ ಚಲಿಸುತ್ತ ಬಿಂದು ಬಿಂದುವಾಗಿ ಒಂದು ಚಿತ್ರವನ್ನು ರಾಡಾರ್ ಪರದೆಯ ಮೇಲೆ ಬರೆಯಲು ಸುಮಾರು 10 ಸೆಕೆಂಡುಗಳು ಹಿಡಿಯುತ್ತಿದ್ದವು. 1957ರಲ್ಲಿ ಬೇಡಿದ ಪೇಟೆಂಟು 1961ರಲ್ಲಿ ದೊರೆಯಿತು. ಆದರೆ ಆತನು ಈ ಯಂತ್ರವನ್ನು ಕುರಿತು ಅಂದು ಲೇಖನವನ್ನು ಬರೆಯಲಿಲ್ಲ. ಮುಂದೆ ಯಂತ್ರಗಳಿಗೆ ಬುದ್ಧಿಯನ್ನು ಕಲಿಸುವ ಶಾಸ್ತ್ರದಲ್ಲಿ ಹೆಸರಾದನು. ಲೇಸರ್ ಬೆಳಕೂ ಗಣಕಯಂತ್ರವೂ ಕೈಗೂಡಿದ 1980ರ ದಶಕದಲ್ಲಿ, ಕೇಂಬ್ರಿಜ್ಜಿನ ಜಾನ್ ವೈಟ್, ಬ್ರಾಡ್ ಏಮಸ್ ಮೊದಲಾದವರ ಶ್ರಮದಿಂದ ಈ ವಿಧಾನವು ಪ್ರಯೋಗಶಾಲೆಗಳನ್ನು ಹೊಕ್ಕಿತು. ಬೀಜವನ್ನು ಬಿತ್ತಿದವನಿಗೆ ಫಲವು ದಕ್ಕುವುದು ಯಾವಾಗಲೂ ನಡೆಯುವ ಮಾತಲ್ಲವಷ್ಟೆ.

ಮಠದ ಭಂಡಾರದಲ್ಲಿರುವ ಓಲೆಗರಿಯ ಕಟ್ಟನ್ನು ನೆನೆಯಿರಿ. ಕಟ್ಟನ್ನು ಬಿಚ್ಚದೆಯೇ ನಡುವಿನ ಒಂದು ಗರಿಯನ್ನು ಓದುವುದು ಹೇಗೋ ಈ ಯಂತ್ರದ ಕೆಲಸವೂ ಹಾಗೆ. ಗರಿಯ ಮೇಲೆ ಗರಿಯಂತೆ ಓದಿದ ಚಿತ್ರಗಳನ್ನು ಗಣಕದಲ್ಲಿ ಒಟ್ಟಿದರೆ ಉದ್ದ, ಅಗಲ, ಆಳ ಮೂರೂ ಉಳ್ಳ ಪೂರ್ಣರೂಪವು ದೊರೆಯುವುದು.

ಇಲ್ಲಿಯೇ ಹೊಸ ಕಷ್ಟವು ತಲೆದೋರಿತು. ಒಂದು ಗರಿಯನ್ನು ಓದುವಾಗ ಬೆಳಕು ಆ ಗರಿಯೊಂದರ ಮೇಲೆಯೇ ಬೀಳುವುದಿಲ್ಲ. ಮೇಲಿನವನ್ನೂ ಕೆಳಗಿನವನ್ನೂ ತೂರಿಹೋಗುವುದು. ಎರಡನೆಯ ರಂಧ್ರವು ಅವುಗಳಿಂದ ಮರಳಿದ ಬೆಳಕನ್ನು ತಡೆಯುವುದೇ ಹೊರತು ಅವುಗಳ ಮೇಲೆ ಬಿದ್ದ ಬೆಳಕನ್ನು ತಡೆಯಲಾರದು. ನೂರು ಪದರಗಳಿದ್ದರೆ, ಒಮ್ಮೆ ಮಾತ್ರ ನೋಡಲ್ಪಡುವ ಪ್ರತಿಯೊಂದು ಪದರವೂ ನೂರು ಸಲ ಬೆಳಕಿಗೆ ಒಡ್ಡಲ್ಪಡುವುದು. ಬೆಳಕನ್ನು ಹೀರಿ ಉದ್ರೇಕಗೊಂಡ ಬಣ್ಣದ ಅಣುಗಳು ಹತ್ತಿರದ ಆಮ್ಲಜನಕದೊಡನೆ ವರ್ತಿಸಿ ಕೋಶಕ್ಕೆ ವಿಷಪ್ರಾಯವಾದ ಪದಾರ್ಥಗಳನ್ನು ಉಂಟುಮಾಡುವುವು. ಬಣ್ಣವೂ ಮಾಸುವುದು, ಕೋಶವೂ ಕುಂದುವುದು. ಜೀವವನ್ನು ನೋಡಬೇಕೆಂದು ಹಿಡಿದ ದೀಪವೇ ಜೀವವನ್ನು ಸುಡುವಂತಾಯಿತು. ಇನ್ನೂ ಸೂಕ್ಷ್ಮವಾದುದನ್ನು ಕಾಣಿಸಿ 2014ರ ನೊಬೆಲ್ ಪಾರಿತೋಷಕವನ್ನು ಪಡೆದ ವಿಧಾನಗಳು ಆಶ್ಚರ್ಯಕರವಾದವುಗಳೇ ಸರಿ. ಆದರೆ ಅವುಗಳಲ್ಲಿ ಕೆಲವಕ್ಕೆ ಮತ್ತಷ್ಟು ಪ್ರಖರವಾದ ಬೆಳಕು ಬೇಕು. ಕಣ್ಣಿನ ಹರಿತವೊಂದನ್ನೇ ಹೊಗಳಿ, ನೋಡಿಸಿಕೊಳ್ಳುವ ಜೀವದ ಕ್ಷೇಮವನ್ನು ಮರೆತರೆ ಆ ಹೊಗಳಿಕೆಯು ಅರೆಯಾದುದು.

ಪರಿಹಾರವಾಗಿ ಎರಡು ದಾರಿಗಳು ತೆರೆದವು. ಎರಡು ಬೆಳಕಿನ ಕಣಗಳನ್ನು ಅಣುವು ಒಟ್ಟಿಗೆ ಹೀರಬಲ್ಲುದೆಂದು ಮರಿಯಾ ಗೋಪರ್ಟ್-ಮಾಯರ್ ಎಂಬ ವಿದುಷಿಯು 1931ರಲ್ಲಿ ಗಣಿತದಿಂದ ಹೇಳಿದ್ದಳು. ಬೆಳಕು ಅತ್ಯಂತ ದಟ್ಟವಾಗಿ ಕೂಡುವ ಬಿಂದುವಿನಲ್ಲಿ ಮಾತ್ರ ಇದು ನಡೆಯುವುದರಿಂದ ಉಳಿದ ಪದರಗಳ ಬಣ್ಣವು ಉದ್ರೇಕಗೊಳ್ಳದು. 1990ರಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಎಂಬ ಮೂವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು.

ಎರಡನೆಯ ದಾರಿಯು ಇನ್ನೂ ಸರಳವಾದುದು, ಇನ್ನೂ ಹಳೆಯದು. ಹಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲಕೋಲು ಇಳಿದಾಗ ಪಕ್ಕದಲ್ಲಿ ನಿಂತವನಿಗೆ ಧೂಳಿನ ಕಣಗಳು ಹೊಳೆಯುತ್ತ ತೋರುವುವಷ್ಟೆ. ಬೆಳಕು ಬರುವ ದಿಕ್ಕು ಒಂದು, ನೋಡುವ ದಿಕ್ಕು ಇನ್ನೊಂದು. 1903ರಲ್ಲಿ ಜರ್ಮನಿಯ ಸೀಡೆಂಟಾಫ್ ಮತ್ತು ಜಿಗ್ಮೊಂಡಿ ಎಂಬುವರು ಇದೇ ತತ್ತ್ವದಿಂದ ಕೆಂಪು ಗಾಜಿನೊಳಗಣ ಚಿನ್ನದ ಕಣಗಳನ್ನು ಕಂಡರು. ನೂರು ವರ್ಷಗಳ ತರುವಾಯ, 2004ರಲ್ಲಿ, ಹೈಡೆಲ್ಬರ್ಗ್ ನಗರದ ಯುರೋಪಿಯನ್ ಅಣುಜೀವಶಾಸ್ತ್ರ ಪ್ರಯೋಗಾಲಯದ ಯಾನ್ ಹ್ಯೂಸ್ಕೆನ್, ಅರ್ನ್ಸ್ಟ್ ಸ್ಟೆಲ್ಜರ್ ಮತ್ತು ಸಂಗಡಿಗರು ಬೆಳಕನ್ನು ತೆಳುವಾದ ಹಾಳೆಯಂತೆ ಹರಡಿ, ಭ್ರೂಣದ ಪಕ್ಕದಿಂದ ಹಾಯಿಸಿ, ಅದಕ್ಕೆ ಲಂಬವಾಗಿ ಮಸೂರವನ್ನಿಟ್ಟರು. ಓಲೆಯ ಕಟ್ಟಿಗೆ ಮೇಲಿನಿಂದ ದೀಪ ಹಿಡಿಯದೆ, ಓದತಕ್ಕ ಗರಿಯೊಂದಕ್ಕೇ ಪಕ್ಕದಿಂದ ಬೆಳಕನ್ನು ತೂರಿಸಿದಂತೆ. ನೋಡಲ್ಪಡುವ ಪದರವು ಮಾತ್ರ ಬೆಳಗುವುದು. ಉಳಿದವು ತಮ್ಮ ಸರದಿ ಬರುವವರೆಗೆ ಕತ್ತಲಲ್ಲಿ ವಿಶ್ರಮಿಸುವುವು. ಬಿಂದು ಬಿಂದುವಾಗಿ ಅಲೆಯುವ ಕೆಲಸವೂ ತಪ್ಪಿ, ಇಡೀ ಪದರವು ಒಮ್ಮೆಗೇ ಛಾಯಾಗ್ರಾಹಕಕ್ಕೆ ದೊರೆಯುವುದು. ದೋಷವಿಲ್ಲವೆಂದಲ್ಲ. ಬೆಳಕಿನ ದಾರಿಯಲ್ಲಿ ಅಪಾರದರ್ಶಕವಾದ ಭಾಗವು ಸಿಕ್ಕಿದರೆ ಅದರ ಹಿಂದೆ ನೆರಳಿನ ಪಟ್ಟಿಯು ಬೀಳುವುದು. ಅದಕ್ಕಾಗಿ ಭ್ರೂಣವನ್ನು ಕಡಲಪಾಚಿಯ ಸತ್ವದಿಂದಾದ ಲೋಳೆಯಲ್ಲಿ ಹುದುಗಿಸಿ, ತಿರುಗಿಸುತ್ತ ಹಲವು ಕಡೆಗಳಿಂದ ನೋಡುವ ಏರ್ಪಾಡನ್ನೂ ಅವರೇ ಮಾಡಿದ್ದರು.

ಅವರು ನೋಡಿದ ಜೀವಿಗಳಲ್ಲಿ ಹಣ್ಣಿನ ನೊಣದ ಭ್ರೂಣವೂ ಒಂದು. ಅದರ ಒಡಲನ್ನು 56 ಪದರಗಳಲ್ಲಿ, ಪದರದಿಂದ ಪದರಕ್ಕೆ ಒಂದು ಮಿಲಿಮೀಟರಿನ ಸಾವಿರದಲ್ಲಿ 6 ಭಾಗದಷ್ಟು ಅಂತರವಿಟ್ಟು, 5 ನಿಮಿಷಗಳಿಗೊಮ್ಮೆ, ಒಟ್ಟು 205 ಸಲ ಚಿತ್ರಿಸಲಾಯಿತು. ಸುಮಾರು 17 ಗಂಟೆಗಳಲ್ಲಿ ಹೀಗೆ ಕೂಡಿದ ಚಿತ್ರಗಳು 11,480. ಅಷ್ಟು ಸಲ ನೋಡಿಸಿಕೊಂಡ ಮೇಲೂ ಆ ಭ್ರೂಣದ ಆಕಾರದಲ್ಲಿ ಊನವೊಂದೂ ತೋರಲಿಲ್ಲ; ಅದು ತನ್ನ ಬೆಳವಣಿಗೆಯನ್ನು ಕ್ರಮದಂತೆ ಪೂರೈಸಿತು.