ಆರೋಗ್ಯ ಮಾಹಿತಿ ವಿದ್ಯೆಯ ಬೋಧನಕ್ರಮ



ಅನ್ನ, ಅಕ್ಷರ, ಔಷಧ ಈ ಮೂರನ್ನೂ ದಾಸೋಹದ ವಸ್ತುಗಳೆಂದು ಬಗೆದು ನಡೆಸುತ್ತ ಬಂದ ಮಠಗಳ ಭಕ್ತರಿಗೆ ರೋಗಿಯ ಶುಶ್ರೂಷೆಯ ಹಿರಿಮೆಯನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ. ಕೊಪ್ಪಳದಲ್ಲಿಯೇ ಶ್ರೀ ಗವಿಸಿದ್ಧೇಶ್ವರರ ಹೆಸರಿನ ಆಯುರ್ವೇದ ಮಹಾವಿದ್ಯಾಲಯವುಂಟು. 2015ರಲ್ಲಿ ಆರಂಭವಾದ ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಉಂಟು. ಆದರೆ ಔಷಧ ಕೊಡುವ ಕೈಗೆ ದಾರಿ ತೋರುವ ಇನ್ನೊಂದು ವಿದ್ಯೆಯಿರುವದು. ರೋಗಿಯ ವೃತ್ತಾಂತವನ್ನು ಸರಿಯಾಗಿ ಬರೆದಿಡುವದು, ಬರೆದದ್ದನ್ನು ಬೇಕಾದ ಹೊತ್ತಿಗೆ ಬೇಕಾದವರಿಗೆ ಮುಟ್ಟಿಸುವದು, ಸಲ್ಲದವರ ಕಣ್ಣಿಗೆ ಬೀಳದಂತೆ ಅದನ್ನು ಕಾಯುವದು, ಇವೇ ಆ ವಿದ್ಯೆಯ ಮೂರು ಕಾರ್ಯಗಳು. ಅದಕ್ಕೆ ಈಗ ಆರೋಗ್ಯ ಮಾಹಿತಿ ತಂತ್ರಜ್ಞಾನವೆಂದು ಹೆಸರು. ಪದವಿಯನ್ನು ಮುಗಿಸಿ ಉಚ್ಚ ಶಿಕ್ಷಣಕ್ಕೆ ಬಂದ ವಿದ್ಯಾರ್ಥಿಗಳಿಗೆ ಇದನ್ನು ಹೇಗೆ ಕಲಿಸತಕ್ಕದ್ದೆಂಬದೇ ಈ ಉಪನ್ಯಾಸದ ವಿಷಯ.

ಬಹುಮಟ್ಟಿಗೆ ಈ ಪಾಠವು ಗಣಕಯಂತ್ರದಿಂದಲೇ ಆರಂಭವಾಗುವದು. ಒಕ್ಕಲುತನವನ್ನು ಕಲಿಸಹೊರಟವನು ನೆಲವನ್ನು ತೋರಿಸದೆ ಕೂರಿಗೆಯ ವರ್ಣನೆಯನ್ನೇ ಮಾಡುತ್ತ ಕುಳಿತರೆ ಹೇಗೋ, ಇದೂ ಹಾಗೆಯೇ. ಯಂತ್ರವು ಬೇಕು, ಆದರೆ ಮೊದಲು ಕಾಣಬೇಕಾದದ್ದು ನೆಲವನ್ನು.

ಆ ನೆಲವು ದೂರದಲ್ಲಿಲ್ಲ. ಆಶಾ ಜಾರ್ಜ್, ಅದಿತಿ ಅಯ್ಯರ್, ಗೀತಾ ಸೇನ್ ಎಂಬ ಮೂವರು ವಿದುಷಿಯರು ಕೊಪ್ಪಳ ಜಿಲ್ಲೆಯಲ್ಲಿ ತಾಯಂದಿರು ಬಾಣಂತನದಲ್ಲಿ ಸಾಯುವದಕ್ಕೆ ಕಾರಣಗಳೇನೆಂದು ವಿಚಾರಿಸಿ, 2005ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ಎಣಿಸಿದ ದೋಷಗಳಲ್ಲಿ ಮಾಹಿತಿವ್ಯವಸ್ಥೆಯ ದುರ್ಬಲತೆಯೂ ಒಂದು. ಆರೈಕೆಯು ನಡುವೆಯೇ ಕಡಿದುಹೋಗುವದು, ಆರೋಗ್ಯ ಸೇವಕರಿಗೆ ಬೆಂಬಲವಿಲ್ಲದಿರುವದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಗೊತ್ತುಗುರಿಯಿಲ್ಲದೆ ಕಳುಹಿಸುವದು, ಹೊಣೆಗಾರಿಕೆಯು ಕೆಟ್ಟಿರುವದು ಇವು ಉಳಿದವು. ಎಂದರೆ ತಾಯಿಯ ಪ್ರಾಣಕ್ಕೆ ಎರವಾದದ್ದು ರಕ್ತಸ್ರಾವ, ಜ್ವರಗಳಷ್ಟೇ ಅಲ್ಲ. ತಿಳಿಯಬೇಕಾದವರಿಗೆ ತಿಳಿಯಬೇಕಾದದ್ದು ತಿಳಿಯದೆ ಹೋದದ್ದೂ ಅಹುದು. ಬೋಧಕನು ಮೊದಲ ದಿನ ವಿದ್ಯಾರ್ಥಿಗಳ ಮುಂದೆ ಇಡತಕ್ಕದ್ದು ಈ ಮಾತನ್ನು.

ಎರಡನೆಯ ದಿನ ಅವರನ್ನು ಒಬ್ಬ ಗರ್ಭಿಣಿಯ ದಾರಿಯಲ್ಲಿ ನಡೆಸತಕ್ಕದ್ದು. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಸೊಸೆ, ಯಲಬುರ್ಗಿ ತಾಲೂಕಿನ ಮಗಳು ಎಂದಿಟ್ಟುಕೊಳ್ಳಿರಿ. ಗಂಗಾವತಿಯ ಕಡೆಗೆ ತುಂಗಭದ್ರೆಯ ಕಾಲುವೆಯುಂಟು, ನೆಲ್ಲುಂಟು. ಇವಳ ಸೀಮೆಯಲ್ಲಿ ಮಳೆಯೇ ದೈವ. ಮಳೆ ಕೈಕೊಟ್ಟ ವರ್ಷ ಗಂಡನೊಡನೆ ದೂರದ ಪಟ್ಟಣಕ್ಕೆ ಗುಳೆ ಹೋಗುವಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುವಳು. ಗಂಡನ ಮನೆಯ ಉಪಕೇಂದ್ರದಲ್ಲಿ ಅವಳು ಹನುಮವ್ವ, ಪಟ್ಟಣದ ಆಸ್ಪತ್ರೆಯಲ್ಲಿ ಹನುಮಮ್ಮ, ತವರಿನಲ್ಲಿ ಮನೆಯವರು ಕರೆಯುವ ಬೇರೆಯೇ ಹೆಸರು. ಒಂದು ಕಡೆಗೆ ಗಂಡನ ಹೆಸರು ಬರೆದದ್ದು, ಇನ್ನೊಂದು ಕಡೆಗೆ ತಂದೆಯದು. ಹೀಗೆ ಒಂದೇ ಜೀವವು ದಾಖಲೆಯಲ್ಲಿ ಮೂವರಾಗುವದು. ಮೊದಲನೆಯ ಕಡೆಗೆ ಕಂಡ ರಕ್ತಹೀನತೆಯು ಮೂರನೆಯ ಕಡೆಗೆ ತಿಳಿಯದು. ನೋವು ಬಂದ ರಾತ್ರಿ ಅವಳನ್ನು ಕೊಪ್ಪಳಕ್ಕೆ ತಂದರೆ, ಅಲ್ಲಿಯ ವೈದ್ಯನಿಗೆ ಅವಳು ಅಂದೇ ಹುಟ್ಟಿದವಳಂತೆ, ಹಿಂದಿನದೊಂದೂ ಇಲ್ಲ. ಅವಳ ಸೆರಗಿನಲ್ಲಿ ತಾಯಿ ಕಾರ್ಡು ಉಳಿದಿದ್ದರೆ ಅದೇ ಪುಣ್ಯ.

ಈ ಒಂದು ದಾರಿಯಲ್ಲಿಯೇ ಇಡೀ ಶಾಸ್ತ್ರವು ಅಡಗಿರುವದು. ಗುರುತಿನ ಪಾಠವು ಮೊದಲನೆಯದು. 2021ರ ಸೆಪ್ಟೆಂಬರ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಎಂಬ ಯೋಜನೆಯಲ್ಲಿ ಇಚ್ಛಿಸಿದವರಿಗೆ 14 ಅಂಕಿಗಳ ಆಭಾ ಸಂಖ್ಯೆಯು ದೊರೆಯುವದು. ಮೂರು ಹೆಸರುಗಳನ್ನು ಒಂದೇ ಜೀವಕ್ಕೆ ಕಟ್ಟುವ ದಾರವದು. ಆದರೆ ಸಂಖ್ಯೆಯಿಲ್ಲದೆ ಬಂದವಳನ್ನು ಬಾಗಿಲಿಂದ ಹಿಂದಕ್ಕೆ ಕಳುಹಿಸುವದು ಈ ವಿದ್ಯೆಯ ಉದ್ದೇಶವಲ್ಲವೆಂಬದನ್ನು ಅದೇ ಉಸಿರಿನಲ್ಲಿ ಕಲಿಸಬೇಕು.

ಎರಡನೆಯದು ಅಂಕಿಯ ಪಾಠ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. 6.9 ಎಂದು ಬರೆಯಬೇಕಾದಲ್ಲಿ ಬಿಂದು ಬಿಟ್ಟು 69 ಎಂದು ಬರೆದರೆ, ಅದು ಮನುಷ್ಯರಿಗೆ ಸಾಧ್ಯವಾದ ಅಂಕಿಯಲ್ಲವೆಂದು ತಡೆಯುವಂತೆ ಯಂತ್ರವನ್ನು ಅಣಿಗೊಳಿಸಬಹುದು. ಆದರೆ ಪರೀಕ್ಷೆಯ ಸಾಧನವೇ ಇಲ್ಲದೆ, ಎಲ್ಲರ ಮುಂದೆಯೂ 11 ಎಂದೇ ಬರೆದ ಪುಸ್ತಕವನ್ನು ಯಾವ ಯಂತ್ರವು ತಡೆದೀತು? ಆ ಸುಳ್ಳು ನೋಡುವದಕ್ಕೆ ಅಂದವಾಗಿಯೇ ಇರುವದು. ಬರೆದವಳನ್ನು ನಿಂದಿಸುವದರಿಂದಲೂ ಪ್ರಯೋಜನವಿಲ್ಲ. ಮೂರು ಊರುಗಳನ್ನು ತಿರುಗಿ ಬಂದು, ಒಂದೇ ಸಂಗತಿಯನ್ನು ಹಲವು ಪುಸ್ತಕಗಳಲ್ಲಿ ತುಂಬಿ, ಮತ್ತೆ ಯಂತ್ರದಲ್ಲಿಯೂ ತುಂಬಬೇಕಾದವಳ ದಣಿವನ್ನು ವಿದ್ಯಾರ್ಥಿಯು ಕಣ್ಣಾರೆ ಕಂಡಿರಬೇಕು. ಒಮ್ಮೆ ಬರೆದದ್ದು ಎಲ್ಲ ಕಡೆಗೂ ಸಲ್ಲುವಂತೆ ಮಾಡುವದೇ ಅವನು ಮಾಡತಕ್ಕ ಉಪಕಾರ.

ಮೂರನೆಯದು ಶಬ್ದದ ಪಾಠ. ಬಂದ ತಾಯಿಯು ಸುಸ್ತು ಎನ್ನುವಳು. ಆಯುರ್ವೇದದ ವೈದ್ಯನು ಪಾಂಡು ಎನ್ನಬಹುದು. ಜಿಲ್ಲಾ ಆಸ್ಪತ್ರೆಯವನು ಅನೀಮಿಯ ಎನ್ನುವನು. ಇವು ಹತ್ತಿರದ ಮಾತುಗಳೇ ಹೊರತು ಒಂದೇ ಅಲ್ಲ. ಆಯುಷ್ ಪದ್ಧತಿಗಳ ರೋಗನಾಮಗಳಿಗೆ ಸಂಕೇತಗಳನ್ನು ಕೊಟ್ಟ ನಮಸ್ತೆ ಎಂಬ ಕೋಶವು 2017ರಲ್ಲಿ ಹೊರಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಗೆ ಆಯುರ್ವೇದ, ಸಿದ್ಧ, ಯುನಾನಿ ಪದಗಳ ಭಾಗವನ್ನು 2024ರ ಜನವರಿಯಲ್ಲಿ ಕೂಡಿಸಿತು. ಆದಕಾರಣ ಮಠದ ನೆರಳಿನಲ್ಲಿ ಓದುವ ಆಯುರ್ವೇದದ ವಿದ್ಯಾರ್ಥಿಗೆ ಈ ಪಾಠವು ಪರಕೀಯವಲ್ಲ. ಆದರೆ ಸಂಕೇತವನ್ನು ಬರೆದ ಬಳಿಕ ತಾಯಿಯ ಸ್ವಂತ ಮಾತನ್ನು ಅಳಿಸಬಾರದು. ಕಾಲಿಗೆ ಬಾವು ಬಂದಿದೆ, ತಲೆ ಸಿಡಿಯುತ್ತಿದೆ ಎಂಬ ಅವಳ ಮಾತಿನಲ್ಲಿಯೇ ಬರಲಿರುವ ನಂಜಿನ ಸುಳಿವು ಇರಬಹುದು.

ನಾಲ್ಕನೆಯದು ಗುಟ್ಟಿನ ಪಾಠ. ಮಾನಸಿಕ ರೋಗಿಗಳ ಆರೈಕೆಗಾಗಿ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ನಿಮ್ಹಾನ್ಸ್ ಸಂಸ್ಥೆಯೂ ಕರ್ನಾಟಕ ಸರಕಾರದೊಡನೆ ಕೂಡಿ ಈ-ಮನಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದು 2020ರಲ್ಲಿ ಬಳಕೆಗೆ ಬಂದಿತು. ಅಂತಹ ರೋಗದ ಸುದ್ದಿಯು ಊರ ಕಟ್ಟೆಯನ್ನು ಮುಟ್ಟಿದರೆ ಒಂದು ಹೆಣ್ಣಿನ ಸಂಬಂಧವು ಮುರಿಯಬಹುದು, ಒಬ್ಬನ ಕೆಲಸವು ಹೋಗಬಹುದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ದೇಶವು 2023ರಲ್ಲಿ ಕಾಯಿದೆಯನ್ನು ಮಾಡಿರುವದು. ಆದರೆ ಕಾಯಿದೆಯು ಕಾಯುವದಕ್ಕಿಂತ ಮೊದಲು ಬರೆಯುವವನ ಆಚಾರವು ಕಾಯಬೇಕು. ರೋಗಿಯು ಒಪ್ಪಿ ಹೆಬ್ಬೆಟ್ಟು ಒತ್ತುವ ಮುನ್ನ, ಯಾತಕ್ಕೆ ಒಪ್ಪುತ್ತಿರುವಳೆಂಬದು ಅವಳಿಗೆ ಅವಳ ಮಾತಿನಲ್ಲಿ ತಿಳಿದಿರಬೇಕು. ಇಲ್ಲವಾದರೆ ಅದು ಒಪ್ಪಿಗೆಯಲ್ಲ.

ಐದನೆಯದು ಮರಳಿಸುವ ಪಾಠ. ಕ್ರೈಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದಲೇ ಸತ್ತರೆಂಬದನ್ನು ಫ್ಲಾರೆನ್ಸ್ ನೈಟಿಂಗೇಲ್ ಎಂಬ ದಾದಿಯು 1858ರಲ್ಲಿ ಚಿತ್ರಗಳಿಂದ ತೋರಿಸಿಕೊಟ್ಟಳು. ಅವಳ ಹಿರಿಮೆಯು ಅಂಕಿಗಳನ್ನು ಕೂಡಿಟ್ಟದ್ದರಲ್ಲಿ ಮಾತ್ರವಲ್ಲ, ಅವು ಸೈನಿಕನ ಹಾಸಿಗೆಗೆ ಉಪಕಾರವಾಗಿ ಮರಳುವಂತೆ ಮಾಡಿದ್ದರಲ್ಲಿ ಇರುವದು. ಹಳ್ಳಿಯಿಂದ ರಾಜಧಾನಿಗೆ ಏರಿದ ಲೆಕ್ಕವು ಮಳೆಯಾಗಿ ಹಳ್ಳಿಗೆ ಇಳಿಯದಿದ್ದರೆ ಅದು ಬರಿಯ ಮೋಡವೇ ಸರಿ. ಯಾವ ಮನೆಯ ಬಸುರಿಯನ್ನು ಈ ವಾರ ತಪ್ಪದೆ ನೋಡಬೇಕೆಂಬದು ಆಶಾ ಕಾರ್ಯಕರ್ತೆಯ ಕೈಗೆ ಮೊದಲು ಮರಳಬೇಕು.

ಇವೆಲ್ಲವನ್ನು ನಾಲ್ಕು ಗೋಡೆಗಳ ನಡುವೆ ಕಲಿಸಲಾಗದು. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ ನಿಯಮಗಳ ಮೇರೆಗೆ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯತಕ್ಕದ್ದಾಗಿರುವದು. ಆ ಮೂರು ತಿಂಗಳುಗಳೇ ಈ ವಿದ್ಯೆಗೆ ನಿಜವಾದ ಪಾಠಶಾಲೆ. ಗಣಕದ ವಿದ್ಯಾರ್ಥಿಯನ್ನೂ ಅವರೊಡನೆ ಕಳುಹಿಸತಕ್ಕದ್ದು. ಒಬ್ಬನು ರೋಗವನ್ನು ಬಲ್ಲನು, ಇನ್ನೊಬ್ಬನು ಯಂತ್ರವನ್ನು ಬಲ್ಲನು, ಉಪಕೇಂದ್ರದ ದಾದಿಯು ಇಬ್ಬರಿಗೂ ಊರನ್ನು ಕಲಿಸುವಳು. ವಿದ್ಯುಚ್ಛಕ್ತಿ ಹೋದಾಗ, ಜಾಲವು ಸಿಗದಾಗ ಕೆಲಸವು ಹೇಗೆ ನಡೆಯುವದೆಂದು ಅವಳೇ ತೋರಿಸುವಳು. ಪರೀಕ್ಷೆಯಲ್ಲಿಯೂ ಎಷ್ಟು ಸೊಗಸಾದ ತಂತ್ರಾಂಶವನ್ನು ಬರೆದನೆಂದು ಕೇಳುವದಕ್ಕಿಂತ, ಆ ಹನುಮವ್ವನ ವೃತ್ತಾಂತವು ಕುಷ್ಟಗಿಯಿಂದ ಕೊಪ್ಪಳಕ್ಕೆ ಅವಳಿಗಿಂತ ಮೊದಲು ಮುಟ್ಟಿತೇ ಎಂದು ಕೇಳತಕ್ಕದ್ದು.

ಬರೆಯುವದೂ ಕಾಯಕವೇ. ಅದು ಸತ್ಯಶುದ್ಧವಾದರೆ ಯಾವ ವೈದ್ಯನ ಕೈಗೂ ಅರಿವಿನ ಬೆಳಕು ದೊರೆಯುವದು. ಅಶುದ್ಧವಾದರೆ ಒಂದು ತೊಟ್ಟಿಲು ತಾಯಿಯಿಲ್ಲದೆ ತೂಗುವದು. ಉಚ್ಚ ಶಿಕ್ಷಣಕ್ಕೆ ಬರುವ ತರುಣ ತರುಣಿಯರು ಇದನ್ನು ತಿಳಿದು ಈ ವಿದ್ಯೆಯನ್ನು ಕೈಕೊಳ್ಳಲಿ; ಮಠಗಳೂ ಭಕ್ತರೂ ಅವರ ಬೆನ್ನಿಗಿರಲಿ.